ಸುಣ್ಣಕ್ಕೆ ಎಷ್ಟು ನೀರು

ನಮ್ಮ ಕೆಮಿಸ್ಟ್ರಿ ಸರ್‌ಗೆ ಹುಬ್ಬುಗಳೇ ಇರಲಿಲ್ಲ. ಸೋಡಿಯಂ ತುಂಡನ್ನು ನೀರಿಗೆ ಹಾಕಿ ತೋರಿಸಲು ಹೋಗಿ ಎಂದೋ ಸುಟ್ಟುಕೊಂಡಿದ್ದರಂತೆ, ಮತ್ತೆ ಬೆಳೆಯಲೇ ಇಲ್ಲ. ಹಾಗಾಗಿ ಅವರು ಸಿಟ್ಟಿನಲ್ಲಿದ್ದಾರೋ ನಗುತ್ತಿದ್ದಾರೋ ಹೊಸಬರಿಗೆ ತಿಳಿಯುತ್ತಿರಲಿಲ್ಲ. ಡಸ್ಟರ್ ಬಂದು ತಲೆಗೆ ಬಡಿದಾಗ ತಿಳಿಯುತ್ತಿತ್ತು. ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಆ ಏಟು ತಿನ್ನದವರು ಕಡಿಮೆ. ನಾನಂತೂ ಚೆನ್ನಾಗಿ ತಿಂದಿದ್ದೇನೆ.

ಪಾಠ ಮಾತ್ರ, ಅಬ್ಬಾ! ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಇಳಿಬಿಟ್ಟು, "ಸ್ಥಾನಪಲ್ಲಟ ಅಂದ್ರ ಇದ ನೋಡ್ರಿ. ಗಟ್ಟಿದ್ದಾಂವ ಒಳಗ ಬಂದ, ಇದ್ದಾಂವನ್ನ ಹೊರಗ ದಬ್ಬಿದ. ಹೊಲದ ಬದುವಿನ್ಯಾಗ ದಿನಾ ನೋಡೂದಿಲ್ಲೇನು?" ಎನ್ನುತ್ತಿದ್ದರು. ಹದಿನೆಂಟು ಗ್ರಾಂ ನೀರು ತೂಗಿ ಒಂದೇ ಗುಟುಕಿಗೆ ಕುಡಿದು, "ಒಂದ ಮೋಲ್ ನೀರು ಹೊಟ್ಟ್ಯಾಗ ಹೋತು" ಎಂದು ಬಾಯಿ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಒಂದು ಮೋಲ್ ಸುಟ್ಟ ಸುಣ್ಣಕ್ಕೆ ಅಷ್ಟೇ ನೀರು ಚಿಮುಕಿಸಿದರೆ ಅದು ಬುಸ್ಸೆಂದು ಕಾದು, ಬಿರಿದು ಪುಡಿಯಾಗುತ್ತಿತ್ತು. ಅಷ್ಟೇ ಸುಣ್ಣವನ್ನು ಬಕೆಟ್ಟಿನ ತುಂಬ ಇದ್ದ ನೀರಿಗೆ ಸುರಿದರೆ ಅದು ಬೆಚ್ಚಗೂ ಆಗುತ್ತಿರಲಿಲ್ಲ. "ಸುಣ್ಣ ಅಷ್ಟ, ಕಾವೂ ಅಷ್ಟ. ಹಂಚಿಕೊಳ್ಳಾಕ ನೀರು ಬಾಳ ಐತಿ. ಏನ ಕೂಡತೈತಿ ಅಂತಷ್ಟ ಕೇಳಬ್ಯಾಡ್ರಲೇ, ಎಷ್ಟ ಕೂಡತೈತಿ ಅಂತ ಕೇಳ್ರಿ!"

ಅವರು ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದರು. ಅವರ ಪಡಸಾಲೆಯಲ್ಲಿ ಬುದ್ಧನ ಪಟವಿತ್ತು. ಅಷ್ಟಕ್ಕೇ ನಮ್ಮ ಮನೆಯವರು ಅವರ ಅಂಗಳದ ನೀರು ಮುಟ್ಟುತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಆ ದೀಪಾವಳಿಗೆ ಮನೆಗೆ ಸುಣ್ಣ ಬಳಿಯಬೇಕಿತ್ತು. ಅಪ್ಪ ಮತ್ತು ಕಾಕಾ ತಮ್ಮಿಬ್ಬರ ಮನೆಗಳ ನಡುಗೋಡೆ ಯಾರದೆಂದು ಹಲ್ಲು ಕಡಿಯುತ್ತ ಬಂದವರು, ಅವತ್ತು ಅದಕ್ಕೆ ಯಾರು ಸುಣ್ಣ ಬಳಿಯಬೇಕೆಂದು ಶುರು ಮಾಡಿದರು. ಮಾತಿಗೆ ಮಾತು ಬೆಳೆದು ಕಾಕಾ ಗುದ್ದಲಿಯ ಹಿಡಿಕೆಯಿಂದ ಅಪ್ಪನ ಹಣೆ ಒಡೆದ. ರಕ್ತ ಸುರಿಯುತ್ತಿದ್ದ ಅಪ್ಪ, ಬುಟ್ಟಿಯಲ್ಲಿದ್ದ ಸುಟ್ಟ ಸುಣ್ಣದ ಪುಡಿಯನ್ನು ತಗಡಿನ ಡಬ್ಬಿಯಲ್ಲಿ ಗೋರಿ ಕಾಕಾನ ಮುಖಕ್ಕೆ ಎರಚಿದ. ಬಿಡಿಸಲು ನಡುವೆ ನುಗ್ಗಿದವಳು ನಾನು. ಅಷ್ಟೂ ಪುಡಿ ನನ್ನ ಕಣ್ಣೊಳಗೆ ಬಿತ್ತು.

ಕಣ್ಣಲ್ಲಿ ಕೆಂಡ ಇಟ್ಟಂತಾಯಿತು. ನೀರು, ನೀರು ಎಂದು ಕಿರುಚಿದೆ. "ನೀರ ಹಾಕಬ್ಯಾಡ್ರಿ! ಸುಣ್ಣ ಕುದಿತೈತಿ, ಕಣ್ಣ ಬೇಯ್ತಾವು! ಔಡಲೆಣ್ಣಿ ತರ್ರಿ!" ಎಂದು ಅಜ್ಜಿ ಬಾಯಿ ಬಡಿದುಕೊಂಡಳು. ನಮ್ಮ ಓಣಿಯಲ್ಲಿ ಯಾರಾದರೂ ಅದನ್ನೇ ಹೇಳುತ್ತಿದ್ದರು. ವರ್ಷವರ್ಷವೂ ಹಂಡೆಯಲ್ಲಿ ಸುಣ್ಣ ಕೊತಕೊತ ಕುದಿಯುವುದನ್ನು ಕಂಡವರು ಬೇರೇನು ಹೇಳಿಯಾರು?

ಸರ್ ಕಾಂಪೌಂಡು ಹಾರಿ ಬಂದರು. ಒಣಪುಡಿಯನ್ನು ಲುಂಗಿಯ ಚುಂಗಿನಿಂದ ಕೊಡವಿ, ನನ್ನ ಜಡೆ ಹಿಡಿದು ತಮ್ಮ ಅಂಗಳಕ್ಕೆ ಎಳೆದುಕೊಂಡು ಹೋದರು. ನಲ್ಲಿಯ ಪೈಪು ಕಣ್ಣಿಗೇ ಹಿಡಿದರು. "ಕಣ್ಣ ತೆರಿಯಲೇ! ತೆರಿ!" ನಾನು ತೆರೆಯಲಿಲ್ಲ. ಕೆನ್ನೆಗೊಂದು ಬಾರಿಸಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದರು.

"ಹುಡುಗಿ ಕಣ್ಣ ಸುಡಾಕ ಹತ್ತ್ಯಾನ, ಹೊಡಿ ಅವನ್ನ!" ಅದು ಕಾಕಾನ ದನಿ. ಈಗಷ್ಟೇ ಒಬ್ಬರ ತಲೆ ಒಬ್ಬರು ಒಡೆಯುತ್ತಿದ್ದ ಅಣ್ಣತಮ್ಮಂದಿರು ಸರ್ ಮೇಲೆ ಒಂದಾಗಿ ಬಿದ್ದರು. ಸಂಯೋಗ ಕ್ರಿಯೆ ಎಂದರೆ ಇದೇ ಇರಬೇಕು. ನನ್ನ ತಲೆ ಸರ್ ಎದೆಗೆ ಒತ್ತಿಕೊಂಡಿತ್ತು. ಬಡಿಗೆ ಬೀಳುವ ಸದ್ದು ಅವರ ಮೈಯೊಳಗಿಂದಲೇ ಕೇಳುತ್ತಿತ್ತು. ಒಂದು ಏಟಿಗೆ ಎಲುಬು ಲಟಕ್ಕೆಂದಿತು. ಅವರ ಕೈ ಸಡಿಲಲಿಲ್ಲ.

"ಹೊಡಿರಿ, ಎಷ್ಟ ಹೊಡಿತೀರಿ ಹೊಡಿರಿ. ನೀರ ಬಂದ್ ಮಾಡಬ್ಯಾಡ್ರಿ!"

ಅವರ ಹೆಂಡತಿ ನಲ್ಲಿಗೆ ಬೆನ್ನು ಕೊಟ್ಟು, ಕೈಯಲ್ಲಿ ಒನಕೆ ಹಿಡಿದು ನಿಂತಿದ್ದರಂತೆ. ಯಾರೂ ಹತ್ತಿರ ಹೋಗಲಿಲ್ಲ.

ಬೆಳಗಾವಿಯ ಡಾಕ್ಟರು ಕಣ್ಣು ನೋಡಿ, "ಆಗಿಂದಾಗ ಯಾರು ತೊಳದ್ರಿ? ಇಲ್ಲಾಂದ್ರ ಎರಡೂ ಹೋಗ್ತಿದ್ದವು" ಎಂದರು.

ಸರ್ ಅಪ್ಪನ ಮೇಲೂ ಕಾಕಾನ ಮೇಲೂ ಕೇಸು ಹಾಕಿದರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಕೇಳಲು ಮನೆಯವರು ನನ್ನನ್ನೇ ಕಳಿಸಿದರು. ಸರ್ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. "ನಿನ್ನ ಕಣ್ಣ ತೊಳದದ್ದು ಬ್ಯಾರೆ, ನನ್ನ ಎಲುಬ ಮುರದದ್ದು ಬ್ಯಾರೆ. ಎರಡೂ ಕಲಸಬ್ಯಾಡವಾ. ಕುಂದ್ರು, ಚಾ ಕುಡಿ" ಎಂದರು. ಆ ಮನೆಯ ಚಹಾ ಕುಡಿದೆ. ಕೇಸು ನಡೆಯಿತು, ಇಬ್ಬರಿಗೂ ಶಿಕ್ಷೆಯಾಯಿತು. ನನಗೆ ಕೆಡುಕೆನಿಸಲಿಲ್ಲ.

ಹೋದ ತಿಂಗಳು ಫೋನು ಬಂತು. ನಿವೃತ್ತರಾಗಿ ತಮ್ಮೂರು ಯರಗಟ್ಟಿಯಲ್ಲಿದ್ದ ಸರ್ ತೀರಿಕೊಂಡಿದ್ದರು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅಪ್ಪ ಬಾಗಿಲಿಗೆ ಅಡ್ಡ ಬಂದ.

"ನನ್ನ ಜೇಲಿಗೆ ಹಾಕಿಸಿದಾಂವನ ಮನಿಗೆ ಹೋಗ್ತೀಯೇನ?"

"ಹೂನಪ್ಪಾ, ಹೋಗತೇನಿ. ನೀ ಸುಟ್ಟ ಕಣ್ಣಿಲೆ ಅವರ ಮುಖ ನೋಡಿ ಬರತೇನಿ. ಸರಿ ಅತ್ಲಾಗ."

ಅಪ್ಪ ಸರಿದ. ಯರಗಟ್ಟಿಯಲ್ಲಿ ಅವರ ಹೆಂಡತಿ ಮುಖದ ಮೇಲಿನ ಬಟ್ಟೆ ತೆಗೆದರು. ಕಣ್ಣೀರು ತುಂಬಿ ಏನೂ ಕಾಣದಾಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದೆ.