ಗಟ್ಟಿ ಗಂಟಲಿನ ವಾಕಿ-ಟಾಕಿ

ವಾಕಿ-ಟಾಕಿ ಎರಡು ಜೊತೆ ಇದ್ದವು, ಎರಡೂ ಲೈಸೆನ್ಸ್ ಬೇಡದವು. ಸಂಜೆಯೊಳಗೆ ಒಂದು ಜೊತೆ ಇಟ್ಟುಕೊಂಡು ಇನ್ನೊಂದನ್ನು ಅಂಗಡಿಗೆ ವಾಪಸ್ ಕೊಡಬೇಕಿತ್ತು. ಶ್ರೀರಂಗಪಟ್ಟಣ ಬಿಟ್ಟಾಗ ಮೋಡವಿತ್ತು ಎಂದು ಬರೆದು ಹೊಡೆದುಹಾಕಿದೆ. ಮೋಡ ಇನ್ಯಾವುದೋ ದಿನದ್ದಿರಬೇಕು. ಪಾಂಡವಪುರದಲ್ಲಿ ಇಡ್ಲಿ ತಿಂದದ್ದು ಮಾತ್ರ ಖಂಡಿತ.

ಜೀಪು ನನ್ನ ಗೆಳೆಯನದು. ಗಂಜಾಂನವನು, ಎಳನೀರಿನ ವ್ಯಾಪಾರ. ಭಾನುವಾರ ಬಂದರೆ ಡಾಂಬರು ಬಿಟ್ಟು ಕಲ್ಲು ಕೊರಕಲಿಗೆ ಜೀಪು ಇಳಿಸುವ ಹುಚ್ಚು. ಅಂಥ ಕಡೆ ಮೊಬೈಲು ಸತ್ತಿರುತ್ತದೆ.

ದೇವಲಾಪುರದಾಚೆಯ ಬೀಳು ಹೊಲಗಳಲ್ಲಿ ಪರೀಕ್ಷೆ. ನಾನು ದಿಬ್ಬದ ಮೇಲೆ, ಅವನು ಜೀಪಿನಲ್ಲಿ. ಬಟನ್ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಎದುರಿನವರದು ಬರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಮೊದಲ ಜೊತೆಗೆ ಗಟ್ಟಿ ಗಂಟಲು. ಇಂಜಿನ್ನಿನ ಸದ್ದಿನಲ್ಲೂ ಕೇಳುತ್ತಿತ್ತು. ಅವನಿಗೆ ಅದೇ ಇಷ್ಟ. ಆದರೆ ನಾನು ಹೇಳಿದ್ದಕ್ಕೆಲ್ಲ ಉತ್ತರವೇ ಇಲ್ಲ. ಸೆಟ್ಟೇ ಸರಿಯಿಲ್ಲ ಎಂದುಕೊಂಡೆ.

ಆಮೇಲೆ ಎರಡನೆಯ ಜೊತೆ ಹಿಡಿದೆವು, ಸಣ್ಣ ದನಿಯದು. ಒಂದೇ ಸಮನೆ ಒತ್ತಿಕೊಂಡಿದ್ದರೆ ಒಂದು ನಿಮಿಷಕ್ಕೆ ತಾನೇ ಕಟ್ಟಾಗುತ್ತದೆ, ಮೊದಲನೆಯದಕ್ಕೆ ಅದಿಲ್ಲ ಎಂದು ಅಂಗಡಿಯವನು ಹೇಳಿದ್ದ.

ಎಡಗಡೆ ದಾರಿ ಸರಿಯಿದೆ ಎಂದು ಕೈ ತೋರಿಸಿದವನು ನಾನೇ. ಜೀಪು ಹೊರಟಿತು.

"ಕಲ್ಲಿಲ್ಲ ಕಣ್ಲಾ, ಮೆತ್ತುಗದೆ. ಮುಂದುಕ್ ಓಯ್ತೀನಿ. ಇಡ್ಲಾ?"

"ಇಡು" ಎಂದೆ. ಬಟನ್ ಬಿಟ್ಟರೆ ಮತ್ತೆ ಅವನ ಇಂಜಿನ್ನಿನ ಗುರುಗುರು.

ಆಗ ಕಂಡಿತು ಬಾವಿ. ಕಟ್ಟೆಯಿಲ್ಲ, ಸುತ್ತ ಲಂಟಾನ. ಜೀಪು ನೇರ ಅದರ ಕಡೆಗೇ. ಒತ್ತಿ ಕೂಗಿದೆ, ಬಿಟ್ಟೆ: ಗುರುಗುರು. ಒತ್ತಿದೆ, ಬಿಟ್ಟೆ: ಗುರುಗುರು. ಓಡಬೇಕೋ ಒತ್ತಬೇಕೋ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಸೆಟ್ಟಿನಲ್ಲಿ ಸದ್ದು ನಿಂತಿತು. ಒತ್ತಿ ಕೂಗಿದೆ.

"ನಿಲ್ಸ್ಲಾ! ಬಾವಿ!"

ನಿಂತಿತು. ಬಾವಿಗೆ ಎಷ್ಟು ದೂರದಲ್ಲಿ ಜೀಪು ನಿಂತದ್ದು? ಮೊದಲ ಸಲ ಹೇಳುವಾಗ ಮೂರು ಮಾರು ಎಂದಿದ್ದೆ. ಆಮೇಲೆ ಒಂದು ಮಾರಾಯಿತು. ಈಗೀಗ ಗೇಣಿಗೆ ಬಂದಿದೆ. ಅಳೆದವರಾರೂ ಇಲ್ಲ.

ಓಡಿ ಹೋದೆ. ಅವನು ಬಾವಿಯೊಳಗೆ ಇಣುಕಿ ನೋಡುತ್ತ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಬಾಯಿ ಮಾತ್ರ ಎಂದಿನಂತೆ.

"ಬಟನ್ ಯಾಕ್ಲಾ ಒತ್ಕಂಡೇ ಇದ್ದೆ?" ಎಂದು ಕೇಳಿದೆ.

"ಇಡ್ಲಾ ಅಂತ ಕೇಳಿದ್ನಲ್ಲ. ನೀನು ಇಡು ಅನ್ಬೇಕ್ ತಾನೆ? ಮುಖುಕ್ ಒಡ್ದಂಗೆ ಕಟ್ ಮಾಡಕ್ಕಾಯ್ತದಾ?"

ಬೆಳಗ್ಗಿನಿಂದಲೂ ಅಷ್ಟೇ ನಡೆದದ್ದು. ಫೋನಿಡುವ ಮುಂಚೆ ಒಪ್ಪಿಗೆ ಕೇಳುವುದು ನಮ್ಮ ಕಡೆಯ ಮರ್ಯಾದೆ. ಅವನು ಬಟನ್ ಒತ್ತಿಕೊಂಡೇ ನನ್ನ ಒಪ್ಪಿಗೆಗೆ ಕಾಯುತ್ತಿದ್ದ. ಅದು ತನ್ನನ್ನು ತಲುಪುವ ದಾರಿಯನ್ನು ಅವನೇ ಮುಚ್ಚಿಕೊಂಡಿದ್ದ.

"ಸೆಟ್ಟು ತಾನೇ ಕಟ್ಟಾಯ್ತು, ನೀನು ಉಳ್ಕಂಡೆ. ಇದೇ ಇರ್ಲಿ" ಎಂದೆ.

"ಯಾವನ್ಲಾ ಏಳ್ದೋನು? ಗೇರ್ ಹಾಕಕ್ಕೆ ನಾನೇ ಕೈ ಬುಟ್ಟೆ. ಡಬ್ಬ ನನ್ನ ಉಳುಸ್ತಂತೆ! ಗಟ್ಟಿ ದನೀದೇ ತಗಳಾಣ ಬುಡು."

ಇರಬಹುದು. ಗೇರಿನ ಸದ್ದು ಕೇಳಿದ ಹಾಗೆ ನನಗೂ ಒಮ್ಮೊಮ್ಮೆ ಅನಿಸುತ್ತದೆ. ಅವನು ಹೇಳಿದ ಮೇಲೆ ಸೇರಿಕೊಂಡ ಸದ್ದೋ ಏನೋ.

ಅಂಗಡಿಯ ಮುಂದೆ ಅವನು ಜೀಪು ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ, ಗಟ್ಟಿ ಗಂಟಲಿನ ಜೊತೆಯನ್ನು ವಾಪಸ್ ಕೊಟ್ಟು ಬಂದೆ. ಅವನನ್ನು ಕೇಳಲಿಲ್ಲ. ಅವನ ಮಾತೇ ನಿಜವಿದ್ದರೂ, ಮುಂದಿನ ಭಾನುವಾರವೂ ಅವನು ಬಟನ್ ಬಿಡುವುದಿಲ್ಲ ಎಂದು ಗೊತ್ತಿತ್ತು.