ಅಂಟಪ್ಪನ ಹಳೇ ಏಪ್ರನ್

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅಂಟಪ್ಪ. ಮೂವತ್ತೆಂಟು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದವನ ಉಗುರು ಸಂದಿಯಲ್ಲಿ ಅಂಟಲ್ಲದೆ ಇನ್ನೇನಿರುತ್ತದೆ, ಹೇಳಿ! ಮೈದಾ ಕುದಿಸಿ, ಹುಳ ಹಿಡಿಯದಿರಲೆಂದು ಮೈಲುತುತ್ತವೆಂಬ ನೀಲಿ ವಿಷ ಬೆರೆಸಿ, ತಾನೇ ಅಂಟು ಕಾಯಿಸುತ್ತಿದ್ದ. "ಅಂಗಡಿ ಗೋಂದು ಎರಡು ವರ್ಷ, ನನ್ನ ಅಂಟು ಎರಡು ತಲೆಮಾರು" ಎಂಬ ಜಂಭ ಬೇರೆ.

ನಾಯಿ ಕಂಡರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದ ಆಸಾಮಿ. ಹೆಂಡತಿ ಹೆಣ್ಣುಮರಿಯೊಂದನ್ನು ಎತ್ತಿಕೊಂಡು ಬಂದಾಗ ದಿನವಿಡೀ ಗೊಣಗಿದ. ವಾರ ಕಳೆಯುವುದರೊಳಗೆ, ಕಾಗದದ ಚೂರು ಕಚ್ಚಿಕೊಂಡು ಓಡುವ ಅದಕ್ಕೆ ಚಿಂದಿ ಎಂದು ಹೆಸರಿಟ್ಟವನೂ ಇವನೇ. ಚಿಂದಿ ಮಹಾ ಹೊಟ್ಟೆಬಾಕಿ. ಖಾಲಿ ತಟ್ಟೆಯನ್ನು ನೆಕ್ಕುತ್ತಾ ನೆಕ್ಕುತ್ತಾ ಗೋಡೆಯವರೆಗೆ ತಳ್ಳಿಕೊಂಡು ಹೋಗುತ್ತಿತ್ತು.

ಮರಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯಿತು.

"ಹಲ್ಲು ಬದಲಾಗ್ತಿದೆ ಕಣ್ರೀ, ವಸಡು ನೋಯುತ್ತೆ. ಆಟ ಆಡ್ತಾನೇ ಇದೆಯಲ್ಲ, ಬಿಡಿ," ಎಂದಳು ಹೆಂಡತಿ. ಆ ಹೊತ್ತಿಗೆ ಅವಳು ಹೇಳಿದ್ದು ಸರಿಯೇ ಇತ್ತು.

ಅಂಟಪ್ಪ ಮಾತ್ರ ಬಿಡಲಿಲ್ಲ. ತನ್ನ ವಾಸನೆ ಹತ್ತಿರವಿದ್ದರೆ ಮರಿಗೆ ಸಮಾಧಾನವೆಂದು, ಅಂಟು ಮೆತ್ತಿ ಗಟ್ಟಿಯಾಗಿದ್ದ ಹಳೇ ಏಪ್ರನ್ ಹಾಸಿಕೊಟ್ಟ. ಮರಿ ಅದರ ಮೇಲೆ ಮಲಗಿ ಅದನ್ನೇ ನೆಕ್ಕತೊಡಗಿತು. "ನೋಡೇ, ನನ್ನ ಮೇಲೆ ಪ್ರಾಣ!" ಎಂದು ಉಬ್ಬಿಹೋದ. ಪುಣ್ಯಾತ್ಮ, ಅಷ್ಟಕ್ಕೇ ಬುದ್ಧಿ ನಿಂತುಹೋಯಿತು!

ಮಾರನೆಯ ದಿನ ಚಿಂದಿ ಅನ್ನ ಮೂಸಲಿಲ್ಲ, ನೀರನ್ನೂ ಮುಟ್ಟಲಿಲ್ಲ, ಕರೆದರೆ ಬಾಲ ಅಲ್ಲಾಡಿಸಲಿಲ್ಲ. ಮಧ್ಯಾಹ್ನ ವಾಂತಿ ಮಾಡಿತು. ಅದರಲ್ಲಿದ್ದ ನೀಲಿ ಬಣ್ಣ ಅಂಟಪ್ಪನಿಗೆ ಚೆನ್ನಾಗಿ ಗೊತ್ತು: ತನ್ನ ಅಂಟಿನ ಪಾತ್ರೆಯ ಅಂಚಿನ ಬಣ್ಣ. ಅರ್ಧ ಕಟ್ಟಿದ ಪುಸ್ತಕ ಬಿಸಾಕಿ, ಒಂದು ಕೈಯಲ್ಲಿ ಮರಿ, ಇನ್ನೊಂದರಲ್ಲಿ ಏಪ್ರನ್ ಹಿಡಿದು ಓಡಿದ.

"ಈ ಬಟ್ಟೆಗೆ ಏನು ಮೆತ್ತಿದೆ?" ಪ್ರಾಣಿಗಳ ಡಾಕ್ಟರಮ್ಮ ಕೇಳಿದಳು.

"ಮೈಲುತುತ್ತ. ಬೆರೆಸಿದ್ದೂ ನಾನೇ, ಹಾಸಿದ್ದೂ ನಾನೇ." ಮರಿಯನ್ನು ಮೇಜಿನ ಮೇಲೆ ಇಳಿಸಿದ. "ಉಳಿಯುತ್ತಾ ತಾಯಿ?"

"ಒಂದು ಹೊತ್ತು ಕಡಿಮೆ ತಿಂದು ಆಡ್ಕೊಂಡಿದ್ರೆ ಗಾಬರಿ ಬೇಡ. ನೀರೂ ಬಿಟ್ಟು, ವಾಂತಿ ಮಾಡಿ, ಮಂಕಾದ್ರೆ ಕಾಯಬಾರದು. ನೀವು ಕಾಯಲಿಲ್ಲ. ಏಪ್ರನ್ನೂ ತಂದಿರಿ, ಒಳ್ಳೇದಾಯ್ತು."

ಎರಡು ದಿನ ಮರಿಗೆ ಡ್ರಿಪ್ಪು, ಇವನಿಗೆ ಹೊರಗಿನ ಬೆಂಚು. ಮೂರನೆಯ ಬೆಳಿಗ್ಗೆ ಮೆತ್ತನೆಯ ಅನ್ನ ತಿನ್ನಿಸಲು ಕೈ ಚಾಚಿದವನು, ಉಗುರು ನೋಡಿ ತಟ್ಟನೆ ಹಿಂದಕ್ಕೆಳೆದುಕೊಂಡ. ನಲ್ಲಿಯ ಕೆಳಗೆ ಸೋಪು ಹಚ್ಚಿ, ಕಡ್ಡಿಯಿಂದ ಕೆರೆದು ಕೆರೆದು ತೊಳೆದ.

"ಮದುವೆ ದಿನಾನೂ ನೀವು ಇಷ್ಟು ತೊಳೆದಿರಲಿಲ್ಲ," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ.

ಚಿಂದಿ ಮೂಸಿತು. ಒಂದು ತುತ್ತು ತಿಂದಿತು. ಇನ್ನೊಂದಕ್ಕೆ ಬಾಯಿ ತೆರೆಯಿತು. ಅಂಟಪ್ಪ ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟ.

ಈಗ ಅವನ ಅಂಟಿನಲ್ಲಿ ನೀಲಿ ಇಲ್ಲ. ಆಯಾ ದಿನಕ್ಕೆ ಬೇಕಾದಷ್ಟೇ ಕಾಯಿಸುತ್ತಾನೆ, ಎರಡು ತಲೆಮಾರಿನ ಮಾತೆತ್ತುವುದಿಲ್ಲ. ಮೊನ್ನೆ ಪುಸ್ತಕ ಕಟ್ಟಿಸಲು ಬಂದ ಒಬ್ಬರು ಕೇಳಿದರು, "ಹುಳ ತಿಂದರೆ?"

ಒಳಗೆ ತಟ್ಟೆ ಕರಕರ ಸದ್ದು ಮಾಡುತ್ತಾ ಗೋಡೆಯ ಕಡೆಗೆ ಸಾಗುತ್ತಿತ್ತು.

"ತಿಂದರೆ ತಿನ್ನಲಿ ಬಿಡಿ ಸ್ವಾಮಿ," ಎಂದ ಅಂಟಪ್ಪ. "ತನ್ನಿ, ಮತ್ತೆ ಕಟ್ಟಿಕೊಡ್ತೀನಿ."