ಭಾವ ಪರೀಕ್ಷಿಸಿದ ಪೈಪು

ನನ್ನ ಭಾವ ಮೂವತ್ತು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿಗಳಿಗೆ ನುಗ್ಗಿ, ತಕ್ಕಡಿ ತಟ್ಟೆಯ ಅಡಿಗೆ ಯಾರಾದರೂ ಮೇಣ ಮೆತ್ತಿದ್ದಾರೋ ಎಂದು ಬೆರಳಾಡಿಸಿ ನೋಡುವುದು ಅವರ ಕೆಲಸ. ಸಿಕ್ಕಿಬಿದ್ದವನ ಮುಖ ಹೇಗೆ ಸಪ್ಪಗಾಯಿತು ಎಂದು ಊಟದ ಹೊತ್ತಿಗೆ ಅಭಿನಯಿಸಿ ತೋರಿಸುವುದು ಅವರ ಖುಷಿ. ನಿವೃತ್ತರಾದ ಮೇಲೂ ಚಟ ಬಿಡಲಿಲ್ಲ. ಅಕ್ಕ ತಂದ ಟೊಮೆಟೊವನ್ನು ಮನೆಯಲ್ಲಿ ಮತ್ತೆ ತೂಗಿ, ಹತ್ತು ಗ್ರಾಂ ಕಡಿಮೆಯಿದ್ದರೆ ಅವಳನ್ನೇ ವಾಪಸ್ ಅಟ್ಟುತ್ತಿದ್ದರು. ಇಂಥ ಮಹಾನುಭಾವರಿಗೆ ಅರವತ್ತು ದಾಟಿದ ಮೇಲೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು.

ಕಾರಿಗೆ ಹದಿನೈದು ವರ್ಷ. ಎರಡೇ ಸೀಟು, ಕೆಂಪು ಬಣ್ಣ. ಭಾವ ಅದರೊಳಗೆ ಕೂರುವುದೆಂದರೆ ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೊಂದು ‘ಅಮ್ಮಾ!’ ಇಳಿಯುವಾಗ ಅಕ್ಕ ಕೈಹಿಡಿದು ಎಳೆಯಬೇಕು.

ನನ್ನದು ಟೈರ್ ಅಂಗಡಿ. ಒಂದು ಗುರುವಾರ ಅದೇ ಕಾರಿನ ಹೊಸ ಮಾದರಿಯಿಂದ ಬಿಚ್ಚಿದ, ಫಳಫಳ ಹೊಳೆಯುವ ನಾಲ್ಕು ವೀಲ್ ತಂದು ಹಾಕೆಂದರು. ಹಾಕಿದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿತು, ಆರಲೇ ಇಲ್ಲ.

“ಭಾವ, ಪ್ರತಿ ಚಕ್ರದೊಳಗೂ ಒಂದು ಸೆನ್ಸರ್ ಇರುತ್ತೆ. ಗಾಳಿ ಎಷ್ಟಿದೆ ಅಂತ ರೇಡಿಯೋ ಥರ ಕಾರಿಗೆ ಹೇಳ್ತಾ ಇರುತ್ತೆ. ಈ ವೀಲ್‌ಗಳ ಸೆನ್ಸರ್ ಫ್ರೀಕ್ವೆನ್ಸಿ ಬೇರೆ, ನಿಮ್ಮ ಹಳೇ ಕಾರಿಗೆ ಅದು ಕೇಳ್ಸಲ್ಲ. ಹಳೇ ಸೆನ್ಸರ್ ಹಾಕೋಣ ಅಂದ್ರೆ ಈ ತೂತಿಗೆ ಕೂರಲ್ಲ. ಎರಡಕ್ಕೂ ಹೊಂದೋದು ತರಿಸ್ತೀನಿ, ಒಂದು ವಾರ ತಾಳಿ.”

“ವಾರನಾ? ಭಾನುವಾರ ನಮ್ಮ ಕ್ಲಬ್ಬಿನೋರೆಲ್ಲ ಸೇರ್ತಾರೆ. ದೀಪ ಉರಿಸ್ಕೊಂಡು ಹೋಗೋಕೆ ನನಗೇನು ಮಾನ ಮರ್ಯಾದೆ ಇಲ್ವಾ?”

ಮರುದಿನ ಒಂದು ಮೊಳದ ದಪ್ಪ ಪ್ಲಾಸ್ಟಿಕ್ ಪೈಪು ಹಿಡಿದು ಬಂದರು. ಎರಡೂ ಕಡೆ ಮುಚ್ಚಳ, ಒಂದು ಕಡೆ ವಾಲ್ವ್, ಒಳಗೆ ಹಳೆಯ ಚಕ್ರಗಳಿಂದ ಬಿಚ್ಚಿದ ನಾಲ್ಕೂ ಸೆನ್ಸರ್. ಪೈಪಿಗೆ ಗಾಳಿ ತುಂಬಿ ಡಿಕ್ಕಿಯಲ್ಲಿಟ್ಟರೆ, ಸೆನ್ಸರ್‌ಗಳು ತಾವಿನ್ನೂ ಚಕ್ರದಲ್ಲೇ ಇದ್ದೇವೆಂದುಕೊಂಡು ಎಲ್ಲ ಸರಿಯಿದೆ ಎಂದು ಕಾರಿಗೆ ಹೇಳುತ್ತವೆ. ನಿಜವಾದ ಚಕ್ರ ಹಾಳಾಗಿ ಹೋದರೂ ದೀಪ ಹತ್ತುವುದಿಲ್ಲ.

“ಇದು ತಕ್ಕಡಿಗೆ ಮೇಣ ಮೆತ್ತಿದ ಹಾಗೇ ಅಲ್ವಾ ಭಾವ?” ಎಂದೆ.

“ನನಗೇ ಕಾನೂನು ಹೇಳ್ಕೊಡ್ತೀಯೇನೋ? ಗಾಳಿ ಹೊಡಿ, ಸಾಕು.”

ಪೀಡೆ ತೊಲಗಿದರೆ ಸಾಕಾಗಿತ್ತು. ಮೂವತ್ತೆರಡು ಪಾಯಿಂಟ್ ಗಾಳಿ ಹೊಡೆದುಕೊಟ್ಟೆ. ಸ್ವಲ್ಪ ದೂರ ಓಡಿಸಿದ ಮೇಲೆ ದೀಪ ಆರಿತು. ಭಾವ ಪೈಪಿಗೊಂದು ಚೀಟಿ ಅಂಟಿಸಿ, ‘ಪರೀಕ್ಷಿಸಲಾಗಿದೆ’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದರು. ಅಷ್ಟು ಗಂಭೀರವಾಗಿ ಅವರು ತಮ್ಮ ಮದುವೆಯ ರಿಜಿಸ್ಟರಿಗೂ ಸಹಿ ಹಾಕಿರಲಿಕ್ಕಿಲ್ಲ.

ಹೊಂದುವ ಸೆನ್ಸರ್‌ಗಳು ಮುಂದಿನ ವಾರ ಬಂದವು. ಭಾವ ಬರಲಿಲ್ಲ. ಫೋನ್ ಮಾಡಿದರೆ, “ದೀಪ ಆರಿದೆಯಲ್ಲೋ, ಇನ್ನೇನು?” ಎಂದರು. ನಾನೂ ಮತ್ತೆ ಕೇಳಲಿಲ್ಲ. ಡಬ್ಬ ಶೆಲ್ಫಿನ ಮೇಲೆ ಧೂಳು ತಿನ್ನುತ್ತ ಕೂತಿತು.

ಎರಡು ತಿಂಗಳಾದ ಮೇಲೆ ಅಕ್ಕನನ್ನು ಕೂರಿಸಿಕೊಂಡು ಹೊರಟಿದ್ದಾರೆ. ಅವಳೇ ಆಮೇಲೆ ಹೇಳಿದ್ದು ಇದು.

“ರೀ, ಗಾಡಿ ಎಡಕ್ಕೆ ಎಳೀತಾ ಇದೆ.”

“ಎಡಗಡೆ ನೀನು ಕೂತಿದೀಯಲ್ಲ, ಅದಕ್ಕೆ. ದೀಪ ಹತ್ತಿದೆಯಾ?”

“ಇಲ್ಲ.”

“ಮತ್ತೆ? ಸುಮ್ನೆ ಕೂತ್ಕೋ.”

ಮುಂದಿನ ಎಡಚಕ್ರಕ್ಕೆ ಮೊಳೆ ಚುಚ್ಚಿ, ಗಾಳಿ ನಿಧಾನಕ್ಕೆ ಸೋರಿಹೋಗಿತ್ತು. ತಿರುವಿನಲ್ಲಿ ಟೈರು ಕಳಚಿಕೊಂಡು, ಅಕ್ಕ ಕೂತ ಕಡೆಯೇ ಕಾರು ಕಲ್ಲಿನ ಗೋಡೆಗೆ ಬಡಿಯಿತು.

ಅದು ನನ್ನ ಅಂಗಡಿಯಿಂದ ಎರಡು ಬೀದಿಯಾಚೆ. ಓಡಿಹೋದೆ. ಯಾರೋ ಇಬ್ಬರು ಅಕ್ಕನ ಕಡೆಯ ಬಾಗಿಲನ್ನು ಕಬ್ಬಿಣದ ಸಲಾಕೆಯಿಂದ ಮೀಟುತ್ತಿದ್ದರು. ಒಳಗೆ ಅವಳು ನರಳುತ್ತಿದ್ದಳು. ಭಾವ ಹಿಂದುಗಡೆ ಡಿಕ್ಕಿ ತೆರೆದು, ಪೈಪಿಗೆ ಗಾಳಿ ಅಳೆಯುವ ಗೇಜ್ ಹಿಡಿದು ನಿಂತಿದ್ದರು.

“ನೋಡೋ, ಮೂವತ್ತೆರಡೇ ಇದೆ. ನನ್ನ ಅಳತೆ ತಪ್ಪಿಲ್ಲ” ಎಂದರು.

ಆ ಮುಖಕ್ಕೆ ಉಗಿಯಬೇಕು ಎನಿಸಿತು. ಉಗಿಯದೆ, ಸಲಾಕೆಗೆ ಕೈಹಾಕಿದೆ.

ಅಕ್ಕನ ಭುಜದ ಮೂಳೆ, ಮಣಿಕಟ್ಟು ಎರಡೂ ಮುರಿದಿದ್ದವು. ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನು ಭಾವನನ್ನು ಬಾಯಿಗೆ ಬಂದಂತೆ ಬೈದೆ. ದಡ್ಡ ಎಂದೆ, ಜಂಭಗಾರ ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡಳು.

“ಅವ್ರಿಗೆ ಗೊತ್ತಾಗಲ್ಲ, ಬಿಡು. ಅವ್ರು ಇರೋದೇ ಹಾಗೆ” ಎಂದಳು. ಆಮೇಲೆ ಕಣ್ಣು ತೆರೆದು ನನ್ನನ್ನೇ ನೋಡಿದಳು. “ನಿನಗೆ ಗೊತ್ತಿತ್ತಲ್ವೇನೋ?”

ಗೊತ್ತಿತ್ತು. ಗಾಳಿ ಹೊಡೆದವನೂ ನಾನೇ.